ಟೈಮಿಂಗ್ ಚೈನ್ ಟೆನ್ಶನರ್: ಬೆಳಗಿನ ಸದ್ದಿನ ಅರ್ಥ, ಬದಲಾಯಿಸುವ ಕ್ರಮ ಮತ್ತು ನಿಲ್ಲಬೇಕಾದ ಸ್ಥಳ

(ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ಗ್ರಾಮ ಪಂಚಾಯತಿ ವಾಹನ ಚಾಲಕರು, ಸ್ವಸಹಾಯ ಸಂಘಗಳ ಚಾಲಕಿಯರು ಮತ್ತು ಸ್ವಂತ ವಾಹನವನ್ನು ಜೀವನೋಪಾಯವಾಗಿ ಹೊಂದಿರುವವರ ಅಧ್ಯಯನಕ್ಕಾಗಿ)

ಪೀಠಿಕೆ

ಕರಾವಳಿಯ ಗ್ರಾಮ ಪಂಚಾಯತಿಗಳಲ್ಲಿ ತ್ಯಾಜ್ಯ ಸಂಗ್ರಹಿಸುವ ಸ್ವಚ್ಛವಾಹಿನಿ ವಾಹನ ಒಂದು ವಾರ ನಿಂತರೆ ಅದರ ಪರಿಣಾಮ ರಸ್ತೆಯ ಬದಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮುರ್ಡೇಶ್ವರ ಅಥವಾ ಗೋಕರ್ಣದ ಪ್ರವಾಸಿಗರನ್ನು ನಂಬಿ ಬಾಡಿಗೆ ಕಾರು ಓಡಿಸುವ ಕುಟುಂಬದಲ್ಲಿ ಅದೇ ಒಂದು ವಾರ ಸಾಲದ ಕಂತನ್ನು ತಪ್ಪಿಸುತ್ತದೆ. ಎಂಜಿನ್ ಪೂರ್ಣವಾಗಿ ಹಾಳಾಗಲು ಅನೇಕ ವೇಳೆ ದೊಡ್ಡ ಕಾರಣವೇ ಇರುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಟೆನ್ಶನರ್ ಎಂಬ ಬಿಡಿಭಾಗವು ತಿಂಗಳುಗಟ್ಟಲೆ ಸದ್ದಿನ ಮೂಲಕ ಎಚ್ಚರಿಸಿರುತ್ತದೆ. ಆ ಸದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಈ ಸದ್ದನ್ನು ಗುರುತಿಸುವುದು, ಬಿಡಿಭಾಗವನ್ನು ಬದಲಾಯಿಸುವ ಕ್ರಮವನ್ನು ಅರಿಯುವುದು ಮತ್ತು ಮನೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಮಿತಿ ಎಲ್ಲಿದೆ ಎಂಬುದನ್ನು ತಿಳಿಯುವುದು ಈ ಪಾಠದ ಉದ್ದೇಶವಾಗಿದೆ.

1. ಚೈನ್ ಮತ್ತು ಟೆನ್ಶನರ್‌ನ ಕಾರ್ಯ

ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ, ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಹೊಂದಾಣಿಕೆಯನ್ನು ಕೆಲವು ಎಂಜಿನ್‌ಗಳಲ್ಲಿ ಹಲ್ಲುಗಳುಳ್ಳ ರಬ್ಬರ್ ಬೆಲ್ಟ್, ಇನ್ನು ಕೆಲವುಗಳಲ್ಲಿ ಉಕ್ಕಿನ ಚೈನ್ ಕಾಪಾಡುತ್ತದೆ. ಹಳೆಯ ಮಾರುತಿ 800 ಬೆಲ್ಟ್‌ಗೆ ಪರಿಚಿತ ಉದಾಹರಣೆ. ಮಾರುತಿ ಸ್ವಿಫ್ಟ್ ಹಾಗೂ ಟಾಟಾ ಇಂಡಿಕಾ ವಿಸ್ಟಾ ಕಾರುಗಳಲ್ಲಿ ಬಂದ 1.3 ಲೀಟರ್ ಡೀಸೆಲ್ ಎಂಜಿನ್ ಚೈನ್‌ಗೆ ಉದಾಹರಣೆ.

ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪ್ರತಿ ಪಿಸ್ಟನ್ ಸೆಕೆಂಡಿಗೆ 50 ಬಾರಿ ಮೇಲಕ್ಕೆ ಬರುತ್ತದೆ. ಅಷ್ಟು ವೇಗದಲ್ಲಿಯೂ ಪಿಸ್ಟನ್ ಮೇಲೆ ಬರುವ ಕ್ಷಣದಲ್ಲಿ ವಾಲ್ವ್ ದಾರಿ ಬಿಟ್ಟಿರಬೇಕು. ಚೈನ್ ಸಡಿಲಗೊಂಡು ಹಲ್ಲುಗಳನ್ನು ಹಾರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ತೆರೆದ ವಾಲ್ವ್‌ಗೆ ಬಡಿದು, ವಾಲ್ವ್ ಬಾಗುತ್ತದೆ. ಆಗ ದುರಸ್ತಿಯು ಟೆನ್ಶನರ್‌ಗೆ ಸೀಮಿತವಾಗದೆ ಸಿಲಿಂಡರ್ ಹೆಡ್ ಬಿಚ್ಚುವ ಹಂತವನ್ನು ತಲುಪುತ್ತದೆ.

ಹಳೆಯ ಸೈಕಲ್ಲಿನ ಚೈನ್ ಸಡಿಲಗೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಉಕ್ಕು ರಬ್ಬರಿನಂತೆ ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯ ಪಿನ್ ಸವೆದಿರುತ್ತದೆ. 150 ಕೊಂಡಿಗಳ ಚೈನಿನಲ್ಲಿ ಪ್ರತಿ ಕೊಂಡಿ 0.02 ಮಿಲಿಮೀಟರ್ ಸವೆದರೆ ಒಟ್ಟು ಉದ್ದ 3 ಮಿಲಿಮೀಟರ್ ಹೆಚ್ಚುತ್ತದೆ. ಈ ಹೆಚ್ಚಳದ ಸಡಿಲವನ್ನು ತುಂಬಿ ಚೈನನ್ನು ಬಿಗಿಯಾಗಿ ಹಿಡಿಯುವುದೇ ಟೆನ್ಶನರ್‌ನ ಕೆಲಸ.

ಟೆನ್ಶನರ್‌ನೊಳಗೆ ಒಂದು ಸ್ಪ್ರಿಂಗ್, ಒಂದು ಪ್ಲಂಜರ್ ಮತ್ತು ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವ ಒಂದು ಸಣ್ಣ ವಾಲ್ವ್ ಇರುತ್ತವೆ. ಅನೇಕ ಮಾದರಿಗಳಲ್ಲಿ ಪ್ಲಂಜರ್ ಹಿಂದೆ ಸರಿಯದಂತೆ ಹಲ್ಲಿನ ತಡೆಯೂ ಇರುತ್ತದೆ. ಎಂಜಿನ್ ಓಡುವಾಗ ಆಯಿಲ್ ಒತ್ತಡವೇ ಪ್ಲಂಜರ್ ಅನ್ನು ಹೊರಕ್ಕೆ ದೂಡುತ್ತದೆ. ತೋಟದ ಪಂಪ್‌ಸೆಟ್ಟಿನ ಫುಟ್ ವಾಲ್ವ್ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಫುಟ್ ವಾಲ್ವ್ ಸೋರಿದರೆ ರಾತ್ರಿ ಪೈಪಿನ ನೀರು ಇಳಿದು, ಬೆಳಿಗ್ಗೆ ಪಂಪು ನೀರೆತ್ತುವುದಿಲ್ಲ. ಟೆನ್ಶನರ್‌ನ ಒಳವಾಲ್ವ್ ಸೋರಿದರೂ ಹಾಗೆಯೇ: ರಾತ್ರಿ ಎಣ್ಣೆ ಇಳಿದುಹೋಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒತ್ತಡ ಏರುವವರೆಗೆ ಚೈನ್ ಸಡಿಲವಾಗಿ ಬಡಿಯುತ್ತದೆ.

2. ಕಿಲೋಮೀಟರ್ ಲೆಕ್ಕ ಏಕೆ ಸಾಲದು

ಟೆನ್ಶನರ್ ಆಯಿಲಿನಿಂದ ಬದುಕುವ ಭಾಗವಾದ್ದರಿಂದ, ಆಯಿಲಿನ ಸ್ಥಿತಿಯೇ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ. ಮನೆಮನೆಯ ಮುಂದೆ ನಿಲ್ಲುವ ತ್ಯಾಜ್ಯ ವಾಹನದ ವಿಷಯದಲ್ಲಿ ಇಲ್ಲೊಂದು ತಪ್ಪು ಲೆಕ್ಕ ಸುಲಭವಾಗಿ ನಡೆಯುತ್ತದೆ.

ಕಾರೊಂದು ಸರಾಸರಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 10,000 ಕಿಲೋಮೀಟರ್ ಕ್ರಮಿಸಿದರೆ ಅದರ ಎಂಜಿನ್ 250 ಗಂಟೆ ಓಡಿರುತ್ತದೆ. ತ್ಯಾಜ್ಯ ವಾಹನವೊಂದು ದಿನಕ್ಕೆ 4 ಗಂಟೆ ಎಂಜಿನ್ ಚಾಲನೆಯಲ್ಲಿಟ್ಟು 20 ಕಿಲೋಮೀಟರ್ ಮಾತ್ರ ಸಾಗುತ್ತದೆ ಎಂದು ಭಾವಿಸೋಣ. ಅದೇ 250 ಗಂಟೆ ಸುಮಾರು 63 ದಿನಗಳಲ್ಲಿ ಪೂರ್ಣಗೊಳ್ಳುತ್ತದೆ. ಆಗ ಮೀಟರ್ ತೋರಿಸುವುದು ಸುಮಾರು 1,250 ಕಿಲೋಮೀಟರ್ ಮಾತ್ರ. ನಿಂತು ಓಡುವ ಎಂಜಿನ್ ಮೇಲಿನ ಭಾರ ಕಡಿಮೆ ಎಂಬುದು ನಿಜ; ಆದರೂ ಮೀಟರನ್ನೇ ನಂಬಿ ಆಯಿಲ್ ಬದಲಾವಣೆಯನ್ನು ಮುಂದೂಡುವುದು ಸರಿಯಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಸಣ್ಣ ದೂರದ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಮಳೆಗಾಲದ ತೇವಾಂಶದಲ್ಲಿ ಒಳಗೆ ಸಂಗ್ರಹವಾದ ನೀರಿನ ಹನಿ ಆವಿಯಾಗದೆ ಆಯಿಲಿನೊಂದಿಗೆ ಬೆರೆತು ಕೆಸರಾಗುತ್ತದೆ. ಆ ಕೆಸರು ಟೆನ್ಶನರ್‌ನ ಸೂಕ್ಷ್ಮ ರಂಧ್ರವನ್ನು ಮುಚ್ಚಬಲ್ಲದು. ಆದ್ದರಿಂದ ವಾಹನದ ಲಾಗ್ ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ಎಂಜಿನ್ ಓಡಿದ ಗಂಟೆಗಳನ್ನೂ ನಮೂದಿಸುವುದು ಉತ್ತಮ. ಕೈಪಿಡಿಯಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ಅವಧಿ ಸೂಚಿಸಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

3. ಸದ್ದನ್ನು ಪರೀಕ್ಷಿಸುವ ವಿಧಾನ

ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಒಂದೆರಡು ಸೆಕೆಂಡು ಕೇಳುವ ಸಣ್ಣ ಸದ್ದು ಎಲ್ಲ ಸಂದರ್ಭಗಳಲ್ಲಿಯೂ ದೋಷವಲ್ಲ. ಆ ಅವಧಿ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ಅಥವಾ ಬಿಸಿಯಾದ ಮೇಲೂ ಚೈನ್ ಕಡೆಯಿಂದ ಗರಗರ ಸದ್ದು ಉಳಿದರೆ ಪರೀಕ್ಷೆ ಅಗತ್ಯ.

ಮೊದಲು ಆಯಿಲ್ ಮಟ್ಟ ನೋಡಬೇಕು. ಮಟ್ಟ ಕಡಿಮೆಯಿದ್ದರೆ ಹೊಸ ಟೆನ್ಶನರ್ ಕೂಡ ಸದ್ದು ಮಾಡುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅಥವಾ ವಾಹನ ನೆರೆ ನೀರಿನಲ್ಲಿ ನಿಂತಿದ್ದರೆ ಸ್ಟಾರ್ಟ್ ಮಾಡಲೇಬಾರದು. ಎರಡನೆಯದಾಗಿ, ಸದ್ದು ಆಲ್ಟರ್ನೇಟರ್ ಬೆಲ್ಟಿನದಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ನಿಲ್ಲಿಸಿ ಹೊರಗಿನ ಬೆಲ್ಟ್ ತೆಗೆದು, ಅರ್ಧ ನಿಮಿಷ ಮಾತ್ರ ಓಡಿಸಿದಾಗ ಸದ್ದು ನಿಂತರೆ ದೋಷ ಚೈನಿನದಲ್ಲ. ಮೂರನೆಯದಾಗಿ, ಗ್ಯಾರೇಜಿನ ಸ್ಕ್ಯಾನರ್ ಪಿ 0016ರಂತಹ ಸಂಕೇತ ತೋರಿಸಿದರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಹೊಂದಾಣಿಕೆ ತಪ್ಪಿರುವ ಸಾಧ್ಯತೆಯಿದೆ. ಅಂತಹ ವಾಹನವನ್ನು ದೇವಿಮನೆ ಅಥವಾ ಗೇರುಸೊಪ್ಪೆ ಘಟ್ಟ ಹತ್ತಿಸುವ ಸಾಹಸ ಸಲ್ಲದು. ಎಳೆದುಕೊಂಡು ಹೋಗುವುದೇ ಕಡಿಮೆ ಖರ್ಚಿನ ದಾರಿ.

4. ಮನೆಯಲ್ಲಿ ಮಾಡಬಹುದಾದ ಕೆಲಸ ಯಾವುದು

ಟೆನ್ಶನರ್‌ಗಳನ್ನು ಅಳವಡಿಕೆಯ ದೃಷ್ಟಿಯಿಂದ ಎರಡು ವಿಧವಾಗಿ ವಿಂಗಡಿಸಬಹುದು.

ಹೊರಗಿನಿಂದ ಬಿಚ್ಚಬಹುದಾದ ವಿಧ: ಎಂಜಿನ್‌ನ ಹೊರಮೈಯಲ್ಲಿ ಎರಡು ಬೋಲ್ಟ್‌ಗಳಿಂದ ಕೂಡಿಸಿರುತ್ತಾರೆ. ಬಹುತೇಕ ಮೋಟಾರ್ ಸೈಕಲ್‌ಗಳಲ್ಲಿ ಮತ್ತು ಕೆಲವು ಕಾರುಗಳಲ್ಲಿ ಈ ವಿಧವಿದೆ. ಕೈಪಿಡಿ, ಸೂಕ್ತ ಉಪಕರಣ ಹಾಗೂ ತಾಳ್ಮೆ ಇರುವವರು ಇದನ್ನು ಮನೆಯಲ್ಲಿ ಬದಲಾಯಿಸಬಹುದು.

ಮುಚ್ಚಳದ ಒಳಗಿರುವ ವಿಧ: ಇದಕ್ಕೆ ಕ್ರ್ಯಾಂಕ್ ಪುಲ್ಲಿ ಹಾಗೂ ಮುಂಭಾಗದ ಮುಚ್ಚಳ, ಕೆಲವೊಮ್ಮೆ ಎಂಜಿನ್ ಮೌಂಟ್ ಮತ್ತು ಆಯಿಲ್ ಸಂಪ್ ಕೂಡ ಬಿಚ್ಚಬೇಕಾಗುತ್ತದೆ. ಆಯಾ ಎಂಜಿನ್‌ಗೆ ಮೀಸಲಾದ ಲಾಕಿಂಗ್ ಉಪಕರಣಗಳಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಇಂತಹ ಎಂಜಿನ್ ಬಿಚ್ಚಿದಾಗ ಟೆನ್ಶನರ್ ಒಂದನ್ನೇ ಬದಲಾಯಿಸದೆ ಚೈನ್ ಮತ್ತು ಗೈಡ್‌ಗಳನ್ನೂ ಬದಲಾಯಿಸುವುದು ಲಾಭಕರ, ಏಕೆಂದರೆ ದುಬಾರಿಯಾದದ್ದು ಬಿಚ್ಚಿ ಜೋಡಿಸುವ ಶ್ರಮ.

ಗ್ರಾಮ ಪಂಚಾಯತಿಗೆ ಸೇರಿದ ವಾಹನವನ್ನು ಚಾಲಕರು ಯಾವ ಕಾರಣಕ್ಕೂ ಸ್ವತಃ ಬಿಚ್ಚಬಾರದು. ಸದ್ದು ಕೇಳಿದ ದಿನಾಂಕ, ಅವಧಿ ಮತ್ತು ಆಯಿಲ್ ಮಟ್ಟವನ್ನು ಲಾಗ್ ಪುಸ್ತಕದಲ್ಲಿ ಬರೆದು ಪಂಚಾಯತಿಗೆ ತಿಳಿಸುವುದು ಅವರ ಕರ್ತವ್ಯ. ಮುಂದಿನ ಕ್ರಮವು ಸ್ವಂತ ವಾಹನ ಹೊಂದಿರುವವರಿಗೆ ಅನ್ವಯಿಸುತ್ತದೆ.

5. ಹೊರಗಿನ ಟೆನ್ಶನರ್ ಬದಲಾಯಿಸುವ ಕ್ರಮ

(1) ಸಮತಟ್ಟಾದ ಗಟ್ಟಿ ನೆಲದ ಮೇಲೆ ವಾಹನ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಡಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಬೇಕು.

(2) ವಾಹನವನ್ನು ಎತ್ತಬೇಕಾಗಿದ್ದಲ್ಲಿ ಉಕ್ಕಿನ ಆಧಾರ ಸ್ಟ್ಯಾಂಡ್‌ಗಳನ್ನೇ ಬಳಸತಕ್ಕದ್ದು. ಅಂಗಳದಲ್ಲಿ ಸಿಗುವ ಚಿರೆಕಲ್ಲನ್ನು ಕಾರಿನ ಕೆಳಗೆ ಇಡಬಾರದು. ಗೋಡೆಯಲ್ಲಿ ಹರಡಿದ ಭಾರವನ್ನು ಚಿರೆಕಲ್ಲು ಹೊರುತ್ತದೆ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಮುನ್ಸೂಚನೆ ನೀಡದೆ ಒಡೆಯುತ್ತದೆ. ಜಾಕ್ ಒಂದನ್ನೇ ನಂಬಿ ಯಾರೂ ವಾಹನದ ಕೆಳಗೆ ಹೋಗಬಾರದು.

(3) ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲಿಯೇ ಕೈಯಿಂದ ತಿರುಗಿಸಿ, ಕೈಪಿಡಿ ಸೂಚಿಸಿದ ಗುರುತುಗಳನ್ನು ಹೊಂದಿಸಬೇಕು. ಹಿಮ್ಮುಖವಾಗಿ ತಿರುಗಿಸಿದರೆ ಚೈನಿನ ಸಡಿಲ ಭಾಗ ಬದಲಾಗಿ ಹಲ್ಲು ಹಾರುವ ಅಪಾಯವಿದೆ. ಗುರುತು ಕೂಡಿದ ಬಳಿಕ ಲಾಕಿಂಗ್ ಪಿನ್ ಹಾಕಬೇಕು.

(4) ಟೆನ್ಶನರ್‌ನ ಎರಡು ಬೋಲ್ಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಳಗೆ ಸ್ಪ್ರಿಂಗ್ ಇರುವುದನ್ನು ಮರೆಯಬಾರದು. ಟೆನ್ಶನರ್ ಹೊರಬಂದ ಕ್ಷಣದಿಂದ ಮರಳಿ ಕೂಡಿಸುವವರೆಗೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಅಲುಗಿಸಬಾರದು.

(5) ಹಳೆಯ ಪ್ಲಂಜರ್ ಎಷ್ಟು ಹೊರಬಂದಿತ್ತೆಂದು ನೋಡಬೇಕು. ಅದು ಕೊನೆಯ ಹಲ್ಲಿನವರೆಗೆ ಬಂದಿದ್ದರೆ ಚೈನೇ ಸವೆದಿದೆ ಎಂದರ್ಥ. ಆಗ ಹೊಸ ಟೆನ್ಶನರ್ ಕೆಲವು ದಿನ ಸದ್ದು ಅಡಗಿಸುತ್ತದೆಯೇ ಹೊರತು ರೋಗ ಗುಣಪಡಿಸುವುದಿಲ್ಲ. ಆಯಿಲಿನಲ್ಲಿ ಪ್ಲಾಸ್ಟಿಕ್ ಚೂರು ಕಂಡರೆ ಗೈಡ್ ಒಡೆದಿರುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಮನೆಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು.

(6) ಹೊಸ ಟೆನ್ಶನರ್‌ನ ಪ್ಲಂಜರ್ ಒಳಗೊತ್ತಿದ ಸ್ಥಿತಿಯಲ್ಲಿ ಪಿನ್ ಸಹಿತ ಬರುತ್ತದೆ. ಹಳೆಯ ಗ್ಯಾಸ್ಕೆಟ್ ಕೆರೆದು, ಹೊಸದನ್ನು ಹಾಕಿ ಕೂಡಿಸಬೇಕು. ಬಿಗಿಯ ಅಳತೆಗೆ ಕೈಪಿಡಿಯೇ ಅಂತಿಮ. 6 ಮಿಲಿಮೀಟರ್ ಬೋಲ್ಟ್‌ಗಳಿಗೆ ಅದು ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಅಂದರೆ 25 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ ಸುಮಾರು 4 ಕಿಲೋ ತೂಗುವಷ್ಟು ಬಲ ಮಾತ್ರ. ಅಲ್ಯೂಮಿನಿಯಂ ಎಂಜಿನ್‌ನಲ್ಲಿ ತೋಳ್ಬಲ ತೋರಿಸಿದರೆ ಬೋಲ್ಟಿನ ಎಳೆ ಕಿತ್ತುಬರುತ್ತದೆ.

(7) ಬೋಲ್ಟ್ ಬಿಗಿದ ನಂತರವೇ ಟೆನ್ಶನರ್‌ನ ಪಿನ್ ಎಳೆಯಬೇಕು. ಕ್ರ್ಯಾಂಕ್‌ನ ಲಾಕಿಂಗ್ ಪಿನ್ ತೆಗೆದಿರುವುದನ್ನು ಎರಡು ಬಾರಿ ನೋಡಿಕೊಂಡು, ಎಂಜಿನ್ನನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಕ್ರ್ಯಾಂಕ್ ಮತ್ತು ಕ್ಯಾಮ್ ಗುರುತುಗಳು ಮತ್ತೆ ಕೂಡಬೇಕು. ಮಧ್ಯದಲ್ಲಿ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಅದು ವಾಲ್ವ್ ಮತ್ತು ಪಿಸ್ಟನ್ ಮುಟ್ಟಿರುವ ಸೂಚನೆ. ಕೈಗೆ ತಡೆದದ್ದು ಇನ್ನೂ ಸರಿಪಡಿಸಬಹುದಾದ ತಪ್ಪು. ಅದೇ ತಪ್ಪು ಸ್ಟಾರ್ಟರ್‌ಗೆ ಸಿಕ್ಕರೆ ವಾಲ್ವ್ ಬಾಗುತ್ತದೆ.

(8) ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿ, ತೆಗೆದಿದ್ದ ಬ್ಯಾಟರಿ ತಂತಿಯನ್ನು ಜೋಡಿಸಬೇಕು. ಕೈಪಿಡಿಯ ಪ್ರಕಾರ ಇಂಧನ ಪೂರೈಕೆ ತಡೆದು ಕೆಲವು ಸೆಕೆಂಡು ಸ್ಟಾರ್ಟರ್ ತಿರುಗಿಸಿದರೆ ಟೆನ್ಶನರ್‌ಗೆ ಆಯಿಲ್ ತಲುಪುತ್ತದೆ. ಆ ಮೇಲೆ ಸ್ಟಾರ್ಟ್ ಮಾಡಬೇಕು. ಹತ್ತು ಸೆಕೆಂಡಿನೊಳಗೆ ಆಯಿಲ್ ದೀಪ ಆರದಿದ್ದರೆ ಅಥವಾ ಸದ್ದು ಹೆಚ್ಚಿದರೆ ತಕ್ಷಣ ನಿಲ್ಲಿಸಬೇಕು.

6. ಬಳಸಿದ ಆಯಿಲಿನ ವಿಲೇವಾರಿ

ಕಾರಿನಿಂದ ಹೊರಬರುವ ಮೂರು ನಾಲ್ಕು ಲೀಟರ್ ಕಪ್ಪು ಎಣ್ಣೆಯ ಜವಾಬ್ದಾರಿಯೂ ಕೆಲಸ ಮಾಡಿದವರದೇ. ಬಳಸಿದ ಎಣ್ಣೆಯು 2016ರ ಅಪಾಯಕಾರಿ ಮತ್ತು ಇತರೆ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಚಿರೆಕಲ್ಲಿನ ನೆಲ ರಂಧ್ರಮಯವಾದದ್ದು. ಅಂಗಳದಲ್ಲಿ ಚೆಲ್ಲಿದ ಎಣ್ಣೆಯನ್ನು ಮುಂಗಾರಿನ ನೀರು ಕೆಳಗಿಳಿಸಿದರೆ ಅದು ಮನೆಯ ಬಾವಿಯನ್ನು, ಚರಂಡಿಯ ದಾರಿಯಲ್ಲಿ ಹೊಳೆಯನ್ನು ಸೇರಬಲ್ಲದು. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್‌ಸಾರ್ ತಾಣವೆಂದು ಘೋಷಿತವಾಗಿದೆ. ಅಲ್ಲಿನ ಚಿಪ್ಪುಜೀವಿಗಳನ್ನು ಆಯ್ದು ಬದುಕುವ ಕುಟುಂಬಗಳ ಅನ್ನ ಆ ನೀರಿನಲ್ಲಿದೆ.

ಬಳಸಿದ ಎಣ್ಣೆಯನ್ನು ಮುಚ್ಚಳವಿರುವ ಕ್ಯಾನಿನಲ್ಲಿ, ನೀರು ಅಥವಾ ಸೀಮೆಎಣ್ಣೆ ಬೆರೆಸದೆ ಸಂಗ್ರಹಿಸಿ, ಅಧಿಕೃತ ಮರುಬಳಕೆದಾರರಿಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಗೆದ್ದಲು ತಡೆಯಲು ಕಂಬಕ್ಕೆ ಬಳಿಯುವುದು, ಕಳೆ ಸುಡಲು ಸುರಿಯುವುದು ಸಲ್ಲದು. ಎಣ್ಣೆ ಹತ್ತಿದ ಬಟ್ಟೆ ಮತ್ತು ಹಳೆಯ ಫಿಲ್ಟರನ್ನು ಒಣ ಕಸದಲ್ಲಿ ಬೆರೆಸಬಾರದು. ಕಸ ವಿಂಗಡಿಸುವ ಮಹಿಳೆಯರ ಕೈಗೆ ಮೊದಲು ತಾಗುವುದು ಅದೇ.

ಅಭ್ಯಾಸ

1. ತಮ್ಮ ವಾಹನದಲ್ಲಿರುವುದು ಚೈನೇ ಅಥವಾ ಬೆಲ್ಟೇ ಎಂಬುದನ್ನು ಕೈಪಿಡಿಯಲ್ಲಿ ನೋಡಿ ಬರೆಯಿರಿ.
2. ಒಂದು ವಾರ ಎಂಜಿನ್ ಓಡಿದ ಗಂಟೆಗಳನ್ನು ದಾಖಲಿಸಿ, ಕ್ರಮಿಸಿದ ಕಿಲೋಮೀಟರ್‌ನೊಂದಿಗೆ ಹೋಲಿಸಿ.
3. ಏಳು ದಿನ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಸದ್ದು ಎಷ್ಟು ಸೆಕೆಂಡು ಇರುತ್ತದೆಂದು ಗುರುತಿಸಿ.
4. ಹೊಸ ಟೆನ್ಶನರ್ ಹಾಕಿದ ಮೇಲೆ ಎಂಜಿನ್ನನ್ನು ಕೈಯಿಂದ ಒಂದಲ್ಲ, ಎರಡು ಸುತ್ತು ತಿರುಗಿಸುವುದೇಕೆ? ಮೊದಲ ವಿಭಾಗದ ಆಧಾರದಲ್ಲಿ ಉತ್ತರಿಸಿ.

ಮೂರನೆಯ ಅಭ್ಯಾಸದಲ್ಲಿ ಸದ್ದಿನ ಅವಧಿ ಹೆಚ್ಚುತ್ತಿರುವುದು ಕಂಡುಬಂದಲ್ಲಿ, ಎಂಟನೆಯ ದಿನಕ್ಕೆ ಕಾಯದೆ ವಾಹನವನ್ನು ಪರೀಕ್ಷೆಗೆ ಒಪ್ಪಿಸತಕ್ಕದ್ದು.