ಬಣ್ಣಕ್ಕಿಂತ ಮೊದಲು ಬಾಯಿ ನೋಡು

ಕಾರವಾರ

ಚಿ. ಪುಟ್ಟಿಗೆ,

ಹ್ಯೂಸ್ಟನ್ನಿನ ಅಕ್ವೇರಿಯಂ ಅಂಗಡಿಯಲ್ಲಿ ನೀನು ತೆಗೆದ ಫೋಟೋಗಳು ಬಂದವು. ಎಲ್ಲವೂ ಬೆಳಕು ಬೇಡದ ಹವಳಗಳೇ ಎಂದು ಅಂಗಡಿಯವರು ಹೇಳಿದರಂತೆ. ಮೂರನೆಯದು ಅಲ್ಲವೆಂದೇ ನನಗೆ ಕಾಣುತ್ತದೆ, ಮಗೂ. ಆ ಬೀಸಣಿಗೆಯಂಥ ಗೊರ್ಗೋನಿಯನ್‌ನ ಪಾಲಿಪ್‌ಗಳು (ಬಾಯಿಯುಳ್ಳ ಪುಟ್ಟ ಜೀವಿಗಳು) ಕಂದು ಬಣ್ಣದವು. ಈ ಕಂದು ಹೆಚ್ಚಾಗಿ ಒಳಗೆ ವಾಸವಿರುವ ಪಾಚಿಯದು. ಅದು ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತದೆ. ಪಾಚಿ ಇಲ್ಲದ ಹವಳ ಪ್ರತಿ ತುತ್ತನ್ನೂ ನೀರಿನಿಂದ ತಾನೇ ಹಿಡಿಯಬೇಕು. ಹಾಗಾಗಿ ಹವಳ ಯಾವುದೆಂಬ ಗುರುತು ಸಿಕ್ಕರೆ ಊಟ ಯಾವುದೆಂಬುದೂ ಸಿಕ್ಕಂತೆ. ನೀಲಿ ದೀಪದಡಿಯ ಬಣ್ಣ ನಂಬಬೇಡ, ಬಿಳಿ ಬೆಳಕಿನಲ್ಲಿ ತೋರಿಸಲು ಹೇಳು.

ಮೊದಲು ಬಾಯಿಯ ಸುತ್ತಲಿನ ಗ್ರಹಣಾಂಗಗಳನ್ನು ಎಣಿಸು. ಎಂಟೇ ಇದ್ದು, ಅಂಚಿನಲ್ಲಿ ಗರಿಯಂತೆ ಎಳೆಗಳಿದ್ದರೆ ಅದು ಮೆದು ಹವಳ ಅಥವಾ ಗೊರ್ಗೋನಿಯನ್. ನುಣುಪಾಗಿ ಹಲವಿದ್ದು, ಕೆಳಗೆ ಸುಣ್ಣದ ಗಟ್ಟಿ ಬಟ್ಟಲಿದ್ದರೆ ಕಲ್ಲು ಹವಳ.

ನಿನ್ನ ಮೊದಲ ಫೋಟೋದ ಕಿತ್ತಳೆ ಗುಡ್ಡೆ ಸನ್ ಕೋರಲ್, ಅಂದರೆ ಟ್ಯೂಬಾಸ್ಟ್ರಿಯ. ಕಡುಹಸಿರು, ಬಹುತೇಕ ಕಪ್ಪು ಕೊಂಬೆಗಳದ್ದು ಅದೇ ಕುಲದ ಮೈಕ್ರಾಂಥಸ್. ಡೆಂಡ್ರೋಫಿಲಿಯ ಇವಕ್ಕೆ ತೀರ ಹತ್ತಿರದ ಬಂಧು. ಅದರ ಬಟ್ಟಲೊಳಗಿನ ಗೋಡೆಗಳು ಒಂದಕ್ಕೊಂದು ಬಾಗಿ ಕೂಡಿಕೊಳ್ಳುತ್ತವೆ, ಟ್ಯೂಬಾಸ್ಟ್ರಿಯದಲ್ಲಿ ಅದು ಅಷ್ಟಾಗಿ ಕಾಣದು. ಮಾಂಸ ಮುಚ್ಚಿರುವ ಜೀವಂತ ಹವಳದಲ್ಲಿ ಇದನ್ನು ನೋಡುವುದು ಕಷ್ಟ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡ. ಎರಡಕ್ಕೂ ಊಟ ಒಂದೇ: ಮೈಸಿಸ್ ಸಿಗಡಿ. ಪಾಲಿಪ್ ಅರಳಿದಾಗ ಬಾಯಿ ಬಾಯಿಗೂ ಕೊಡಬೇಕು. ತಾಳ್ಮೆಯಿದ್ದರೆ ಸನ್ ಕೋರಲ್ಲನ್ನೇ ಕೊಂಡುಕೋ.

ನೀನು ಮನಸೋತಿರುವ ಆ ಗುಲಾಬಿ ಹವಳದ್ದೇ ನನಗೆ ಚಿಂತೆ. ಪಾರದರ್ಶಕ ಕಾಂಡದೊಳಗೆ ಸೂಜಿಯಂಥ ಸುಣ್ಣದ ಕಡ್ಡಿಗಳು ಕಾಣುತ್ತಿವೆ, ಪಾಲಿಪ್ ಗೊಂಚಲಿನ ಹೊರಗೂ ಮುಳ್ಳಾಗಿ ಚಾಚಿವೆ. ಅದು ಡೆಂಡ್ರೋನೆಫ್ತಿಯ. ಸಿಗಡಿ ಕೊಟ್ಟು ಅದನ್ನು ಸಾಕಲಾಗದು. ಕ್ಯಾಥರೀನಾ ಫ್ಯಾಬ್ರಿಷಿಯಸ್ ಮತ್ತು ಸಂಗಡಿಗರು ಕೆಂಪು ಸಮುದ್ರದಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದರ ಮುಖ್ಯ ಆಹಾರ ಸಸ್ಯಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ, ಎಂದು ಕಂಡುಬಂತು. ಅಂಥ ಸೂಕ್ಷ್ಮ ಆಹಾರ ಹಗಲಿರುಳು ಹರಿಯುತ್ತಿರಬೇಕು. ಮನೆಯ ತೊಟ್ಟಿಯಲ್ಲಿ ಅಷ್ಟು ಕೊಟ್ಟರೆ ನೀರು ಕೆಡುತ್ತದೆ, ಕೊಡದಿದ್ದರೆ ಹವಳ ದಿನದಿನಕ್ಕೆ ಕುಗ್ಗಿ ಸಾಯುತ್ತದೆ. ಅದನ್ನು ಅಲ್ಲೇ ಬಿಟ್ಟು ಬಾ. ಹತ್ತಿರದ ಬಣ್ಣವೇ ಬೇಕೆಂದರೆ ಚಿಲ್ಲಿ ಕೋರಲ್ ಕೇಳು: ಕಡ್ಡಿ ಚಾಚದ ಕೆಂಪು ಬೆರಳುಗಳು, ಬಿಳಿ ಪಾಲಿಪ್. ಅದು ಇಷ್ಟು ಸೂಕ್ಷ್ಮವಲ್ಲ.

ರಜೆಗೆ ಬಂದಾಗ ಹವಳ ನೋಡಲು ನೇತ್ರಾಣಿ ದ್ವೀಪಕ್ಕೆ ಹೋಗೋಣ. ಅಲ್ಲಿ ನೋಡುವುದಷ್ಟೇ. ನಮ್ಮಲ್ಲಿ ಕಲ್ಲು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ಇನ್ನೊಂದು ಮಾತು. ಸನ್ ಕೋರಲ್ ಮೂಲತಃ ಹಿಂದೂ ಮಹಾಸಾಗರ, ಪೆಸಿಫಿಕ್‌ಗಳದ್ದು. 1943ರಲ್ಲಿ ಕೆರಿಬಿಯನ್‌ನಲ್ಲಿ ದಾಖಲಾಯಿತು, ಈಗ ನಿಮ್ಮ ಮೆಕ್ಸಿಕೋ ಕೊಲ್ಲಿಯ ಎಣ್ಣೆ ಬಾವಿಗಳ ಕಂಬಗಳ ಮೇಲೆಲ್ಲ ಹಬ್ಬಿದೆ. ಮುರಿದ ತುಂಡಿನಿಂದಲೂ ಬೆಳೆಯಬಲ್ಲದು. ತೊಟ್ಟಿ ತೊಳೆಯುವಾಗ ಚೂರು ಸಿಕ್ಕರೆ ಪೂರ್ತಿ ಒಣಗಿಸಿ ಕಸಕ್ಕೆ ಹಾಕು. ಕಾಲುವೆಗೆ, ಕಡಲಿಗೆ ಸೇರಿಸಬೇಡ.

ಇಂತಿ ನಿನ್ನ ಪ್ರೀತಿಯ
ಅಜ್ಜ