ಲೆಕ್ಕದ ಪುಸ್ತಕವೂ ಅಮಾನತ್

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಲ್ಲಿ ಸಣ್ಣ ಅಂಗಡಿ ನಡೆಸುವ ಸಹೋದರರೇ, ನಿಮ್ಮ ಉದ್ರಿ ಲೆಕ್ಕ ಎಲ್ಲಿದೆ? ಮಳೆಗಾಲದ ಥಂಡಿಗೆ ಮೆತ್ತಗಾದ ಪುಸ್ತಕದಲ್ಲೋ, ಒಂದೇ ಒಂದು ಮೊಬೈಲಿನಲ್ಲೋ? ನಾಳೆ ಅದು ಹಾಳಾದರೆ ಯಾರ ಹಕ್ಕು ಯಾರ ಬಳಿ ಇದೆಯೆಂದು ಹೇಳುವವರಾರು?

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ (ಅಲ್‌ಬಕರಃ: 282) ಸಾಲದ ಬರವಣಿಗೆಯ ಕುರಿತಾಗಿದೆ. ಮೊತ್ತ ಚಿಕ್ಕದಿರಲಿ, ದೊಡ್ಡದಿರಲಿ, ಅವಧಿ ಸಹಿತ ಬರೆದಿಡಲು ಬೇಸರಿಸಬಾರದೆಂದು ಅದು ಆದೇಶಿಸುತ್ತದೆ. ಬರೆದದ್ದು ಉಳಿಯದಿದ್ದರೆ ಬರೆದುದರ ಉದ್ದೇಶವೇ ನೆರವೇರದು.

ಆದ್ದರಿಂದ ಪುಸ್ತಕ ಅಂಗಡಿಯಲ್ಲಿರಲಿ, ಅದರ ಫೋಟೋ ಮೊಬೈಲಿನಲ್ಲಿರಲಿ, ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ತೆರೆದು ನೋಡಿರಿ. ತೆರೆಯಲಾಗದ ಪ್ರತಿ ಇದ್ದೂ ಇಲ್ಲದಂತೆ. ಜಿಎಸ್‌ಟಿ ನೋಂದಣಿಯುಳ್ಳವರು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ದಾಖಲೆಗಳನ್ನು ಕಾಯ್ದಿರಿಸಬೇಕೆಂಬುದು ಕಾನೂನು. ಮೊಬೈಲಿಗೆ ಬೀಗವಿರಲಿ, ಪಿನ್, ಓಟಿಪಿ ಯಾರಿಗೂ ಹೇಳಬಾರದು. ಗಿರಾಕಿಯ ಫೋನ್ ನಂಬರೂ ಬಾಕಿಯೂ ಆತನ ಗುಟ್ಟು. ಅದನ್ನು ನಾಲ್ಕು ಜನರ ಮುಂದೆ ಓದುವುದು ಅಮಾನತಿಗೆ ಬಗೆದ ದ್ರೋಹ.

ಹುತಾತ್ಮನಿಗೂ ಸಾಲ ಮನ್ನಾ ಆಗದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ನೀವು ಸಗಟು ವ್ಯಾಪಾರಿಗೆ ಕೊಡಬೇಕಾದುದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಪುಸ್ತಕ ಎಲ್ಲಿದೆಯೆಂದು ಇಂದೇ ಮನೆಯವರಿಗೆ ತಿಳಿಸಿರಿ. ನಾಳೆ ನೀವಿಲ್ಲದಾಗ, ಆಸ್ತಿ ಹಂಚುವ ಮುನ್ನ ಅದನ್ನು ತೀರಿಸಬೇಕಾದವರು ಅವರೇ.