ಐನ್‌ಮನೆಯ ತೋಕ್, ಟರ್ಕಿಯ ಕೋವಿ

ಮಿನ್ನೆಸೋಟಾದ ಅಂಗಡಿಯಲ್ಲಿ ಆ ಜೋಡಿ ನಳಿಗೆಯ ಕೋವಿ ಕೊಂಡಾಗ ನನಗೆ ಅದರ ಮೇಲೆ ಗೌರವವಿರಲಿಲ್ಲ. ಟರ್ಕಿಯದು, ಹೊಚ್ಚ ಹೊಸದು, ಬೆಲೆ ಸಾವಿರ ಡಾಲರಿನೊಳಗೆ. ಕೊಡಗಿನಲ್ಲಿ ನಮ್ಮ ಮನೆತನದ ಹಿರಿಮನೆಯಾದ ಐನ್‌ಮನೆಯ ಗೋಡೆಯಲ್ಲಿ ತಾತನ ಬರ್ಮಿಂಗ್‌ಹ್ಯಾಮ್ ತೋಕ್ ಇತ್ತು. ಕೋವಿ ಅಂದರೆ ಅದು. ಇದು ಬಾತುಕೋಳಿ ಹೊಡೆಯಲು ಕೆಸರಿಗೆ ಒಯ್ಯುವ ಸಾಮಾನು, ಅಷ್ಟೆ.

ಎರಡನೇ ಸೀಸನ್ನಿನಲ್ಲಿ ಒಂದು ಬೆಳಿಗ್ಗೆ ಮುಂದಿನ ಟ್ರಿಗರ್ ಎಳೆದರೆ ಎರಡೂ ನಳಿಗೆ ಒಟ್ಟಿಗೆ ಹಾರಿದವು. ಭುಜ ವಾರವಿಡೀ ನೀಲಿಗಟ್ಟಿತ್ತು. ಕೋವಿ ರಿಪೇರಿಯವರು ಬಿಚ್ಚಿ ತೋರಿಸಿದರು: ಒಳಗಿನ ಕುದುರೆಯನ್ನು ತಡೆಹಿಡಿಯುವ ಸಿಯರ್‌ನ ಅಂಚನ್ನು ಸರಿಯಾಗಿ ಮಸೆದಿರಲಿಲ್ಲ, ಬಲ ನಳಿಗೆಯ ಒದೆತಕ್ಕೆ ಎಡದ್ದೂ ಜಾರಿತ್ತು. ನಳಿಗೆ ಗಟ್ಟಿಯಾಗಿದೆ, ಉಕ್ಕಿನಲ್ಲಿ ಏನೂ ಉಳಿಸಿಲ್ಲ, ಅರ ಹಿಡಿಯುವ ಕೈಯ ಹೊತ್ತಿನಲ್ಲಿ ಉಳಿಸಿದ್ದಾರೆ ಎಂದರು. ಮಸೆದು ಕೊಟ್ಟ ಮೇಲೆ ಇಂದಿನವರೆಗೂ ತೊಂದರೆ ಕೊಟ್ಟಿಲ್ಲ.

ಬಾತುಕೋಳಿಗೆ ಅದೇ ಸರಿಯಾದ ಕೋವಿ ಎಂಬುದೂ ತಿಳಿಯಿತು. ಅಮೆರಿಕದಲ್ಲಿ ನೀರುಹಕ್ಕಿಗಳಿಗೆ ಸೀಸದ ಚರೆ 1991ರಿಂದ ದೇಶದಾದ್ಯಂತ ನಿಷಿದ್ಧ. ಉಕ್ಕಿನ ಚರೆ ಸೀಸದ ಹಾಗೆ ಒತ್ತಡಕ್ಕೆ ಬಗ್ಗುವುದಿಲ್ಲ. ಹಳೆಯ ಕೋವಿಯ ತೆಳು ನಳಿಗೆಯನ್ನು ಗೀರುತ್ತದೆ, ನಳಿಗೆಯ ಬಾಯಿ ಕಿರಿದಾಗುವ ಭಾಗ, ಅಂದರೆ ಚೋಕ್, ಬಿಗಿಯಾಗಿದ್ದರೆ ಅಲ್ಲಿ ಉಬ್ಬಿಸುತ್ತದೆ. ನನ್ನದಕ್ಕೆ ಕ್ರೋಮ್ ಲೇಪಿಸಿದ ನಳಿಗೆ, ಬದಲಿಸಬಹುದಾದ ಚೋಕ್.

ಆ ವರ್ಷ ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಊರಿಗೆ ಹೋದೆ. ಸೆಪ್ಟೆಂಬರ್ 3. ತಾತನ ತೋಕಿಗೆ ಎಣ್ಣೆ ಒರೆಸಿ, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆಯಾಯಿತು. ಸಂಜೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಪ್ಪನ ಕೈಯಲ್ಲಿದ್ದ ತೋಟಾ ತೆಗೆದುಕೊಂಡು ನೋಡಿದೆ: 70 ಮಿ.ಮೀ. ನಳಿಗೆ ಕಳಚಿ ಅಡಿ ನೋಡಿದೆ. ಕಿರೀಟದ ಕೆಳಗೆ ‘ಎನ್‌ಪಿ’, ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ. ಅದರ ಪಕ್ಕದಲ್ಲಿ 2½ ಅಂಗುಲ. ಅಂದರೆ ತೋಟಾ ಕೂರುವ ಚೇಂಬರ್ 65 ಮಿ.ಮೀ.ನದು. ಇದು ಎಷ್ಟು ಮೋಸದ ಅಳತೆ ಎಂಬುದನ್ನು ಹಳೆಯ ಕೋವಿ ಇರುವ ಪ್ರತಿ ಮನೆಯವರಿಗೂ ಹೇಳಬೇಕು. ತೋಟಾದ ಮೇಲೆ ಬರೆದಿರುವುದು ಹಾರಿದ ಮೇಲಿನ ಉದ್ದ. ಹಾರುವ ಮುಂಚೆ ಬಾಯಿ ಮಡಚಿಕೊಂಡಿರುವುದರಿಂದ 70ರ ತೋಟಾ ಗಿಡ್ಡವಾಗಿರುತ್ತದೆ. 65ರ ಚೇಂಬರಿನೊಳಗೆ ಹಾಯಾಗಿ ಇಳಿಯುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಯಾವ ಅನುಮಾನವೂ ಬರುವುದಿಲ್ಲ. ಹಾರಿದಾಗ ಮಡಿಕೆ ಬಿಚ್ಚಿ ನಳಿಗೆ ಕಿರಿದಾಗುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಅಪ್ಪ ಹತ್ತಾರು ವರ್ಷ ಹಾಗೇ ಹೊಡೆದಿದ್ದರು.

ಮಾರನೆಯ ದಿನ ತಾತನ ತೋಕನ್ನು ಅಲ್ಲಿನ ಕೋವಿ ರಿಪೇರಿಯವರಲ್ಲಿಗೆ ಒಯ್ದೆವು. ಅವರು ಮುಂಗೈ ಮರ ತೆಗೆದು, ಹಿಡಿಯ ಕತ್ತು ಹಿಡಿದು ಅಲುಗಾಡಿಸಿದರು. ಟಕ್ ಎಂದಿತು. ದೀಪಕ್ಕೆ ಅಡ್ಡ ಹಿಡಿದರೆ ನಳಿಗೆಗೂ ಅದು ಕೂರುವ ಗೋಡೆಗೂ ನಡುವೆ ಕೂದಲೆಳೆಯಷ್ಟು ಬೆಳಕು. ಕೀಲು ಸವೆದಿತ್ತು. ಆಮೇಲೆ ನಳಿಗೆಗಳನ್ನು ಕೊಕ್ಕೆಯಿಂದ ತೂಗುಹಾಕಿ ಬೆರಳಿನಿಂದ ತಟ್ಟಿದರು. ಗಂಟೆಯ ಹಾಗೆ ಮೊಳಗಿತು, ಬೆಸುಗೆ ಬಿಟ್ಟಿಲ್ಲ. ಹೊಸ ಕೀಲು ಹಾಕಿದರೆ ಸಾಕು ಎಂದರು.

ಆಗ ನಾನು ಹೆಮ್ಮೆಯಿಂದ, ಇದನ್ನು ಮಾಡಿದ ಕಂಪನಿ ಯಾವುದು ಎಂದು ಕೇಳಿದೆ. ನಳಿಗೆಯ ನಡುಪಟ್ಟಿಯ ಮೇಲಿದ್ದುದು ಮದ್ರಾಸಿನ ವ್ಯಾಪಾರಿಯ ಹೆಸರು. ತಯಾರಕರ ಹೆಸರು ಎಲ್ಲಿಯೂ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ಕೋವಿ ಕೇರಿಯಲ್ಲಿ ಒಬ್ಬ ನಳಿಗೆ, ಒಬ್ಬ ಲಾಕು, ಇನ್ನೊಬ್ಬ ಮರ ಮಾಡಿ, ಕೊಳ್ಳುವ ಅಂಗಡಿಯವನ ಹೆಸರು ಕೆತ್ತಿ ಹಡಗಿಗೆ ಏರಿಸುತ್ತಿದ್ದ ಕೋವಿಗಳಲ್ಲಿ ಇದೂ ಒಂದು. ಕಾಫಿ ಮಾರಿದ ದುಡ್ಡಿಗೆ ಎಟುಕುವಂಥ, ಆ ಕಾಲದ ಅಗ್ಗದ ಆಮದು.

ನನಗೆ ಬೇಸರವಾಗಲಿಲ್ಲ. ಆ ಕೇರಿಯ ಹಾಗೆಯೇ ಟರ್ಕಿಯ ಕೊನ್ಯಾ ಪ್ರಾಂತ್ಯದಲ್ಲಿ, ಬೇಶೆಹಿರ್ ಸುತ್ತಲಿನ ಊರುಗಳಲ್ಲಿ ಇಂದಿಗೂ ಮನೆತನಗಳು ಕೋವಿಯನ್ನೇ ನಂಬಿ ಬದುಕುತ್ತವೆ. ನನ್ನ ಕೋವಿಯ ಹಿಂದೆಯೂ ಅಂಥ ಕೈಗಳಿವೆ ಎಂಬುದು ನನಗೆ ಹೊಳೆದದ್ದು ಆ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತಾಗ.

ಆದರೂ ಎರಡೂ ಒಂದೇ ಎನ್ನಲಾರೆ. ತಾತನದು ಮೂರು ಕಿಲೋಗಿಂತ ತುಸು ಕಡಿಮೆ, ಭಾರವೆಲ್ಲ ಎರಡು ಕೈಗಳ ನಡುವೆ. ಎತ್ತಿದರೆ ಕಣ್ಣು ಹೋದಲ್ಲಿಗೆ ನಳಿಗೆ ಹೋಗುತ್ತದೆ. ನನ್ನದು ಮೂತಿ ಭಾರ. ದಿನವಿಡೀ ಹೊತ್ತರೆ ಸಂಜೆ ತೋಳು ನೋಯುತ್ತದೆ. ಆ ಹಗುರ ಬರುವುದು ನಳಿಗೆಯನ್ನು ದಿನಗಟ್ಟಲೆ ಕೈಯಲ್ಲಿ ಸವರಿ ತೆಳ್ಳಗೆ ಮಾಡಿದಾಗ. ಅಂಥ ಕೂಲಿ ಇಂದು ಕೊಡಬೇಕಾದರೆ ಕಾರಿನ ಬೆಲೆಯಾಗುತ್ತದೆ.

ತಾತನ ತೋಕಿಗೆ ಹೊಸ ಕೀಲು ಬಂದಿದೆ. ಅಪ್ಪ 65ರ ತೋಟಾಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಇಲ್ಲಿಗೆ ಮರಳಿದ ಮೇಲೆ ನಾನೂ ಒಂದು ಚೀಟಿ ಬರೆದು ನನ್ನ ಕೋವಿಯ ಪೆಟ್ಟಿಗೆಯೊಳಗೆ ಅಂಟಿಸಿದೆ: ಚೇಂಬರ್ 76 ಮಿ.ಮೀ., ಉಕ್ಕಿನ ಚರೆ ಆಗುತ್ತದೆ, ಎಡ ಸಿಯರ್ ಒಮ್ಮೆ ಮಸೆಸಿದೆ. ಮಗಳು ಓದಲಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ.